ಸತ್ತವಳ ಗ್ರಿಪ್ಪು

ಮಹೇಂದ್ರ ಬ್ಲೇಡನ್ನು ಒತ್ತಿ ಬೈಕಿನ ಹ್ಯಾಂಡಲ್ಲಿನ ಗ್ರಿಪ್ಪಿನ ಉದ್ದಕ್ಕೂ ಎಳೆದ. ಎಣ್ಣೆಗಾಯಿಗೆ ಸೀಳಿದ ಬದನೆಕಾಯಿಯಂತೆ ರಬ್ಬರು ಬಾಯಿಬಿಟ್ಟಿತು. ಇನ್ನೊಂದನ್ನೂ ಹಾಗೇ ಸೀಳಿ, ಎರಡನ್ನೂ ಕಿತ್ತು ತಿಪ್ಪೆಯ ಕಡೆ ಎಸೆದು, ಮುಟ್ಟಬಾರದ್ದನ್ನು ಮುಟ್ಟಿದವನ ಹಾಗೆ ಕೈಯನ್ನು ಪಂಚೆಗೆ ಒರೆಸಿಕೊಂಡ. ಅಂಗಳದ ಆ ತುದಿಯಲ್ಲಿ ಅವನ ಅತ್ತಿಗೆ ಗಂಗಲಕ್ಷ್ಮಮ್ಮನ ಹೆಣ, ಈ ತುದಿಯಲ್ಲಿ ಅವಳ ಬೈಕು.

"ಚಿಕ್ಕಪ್ಪ, ಏನ್ ಮಾಡ್ತಾ ಇದ್ದೀಯ?" ಎಂದಳು ರಮ್ಯಾ. ಸತ್ತವಳಿಗೆ ಅವಳೊಬ್ಬಳೇ ಮಗಳು.

"ಕಾಣಾಕಿಲ್ವಾ? ಗ್ರಿಪ್ ಬದಲಾಯಿಸ್ತಾ ಇವ್ನಿ. ಸತ್ತೋರು ಹಿಡ್ದಿದ್ದು ಕಣವ್ವ. ನಮ್ ಪುನೀತ ಅದ್ರ ಮೇಲೆ ಕೈಯಿಕ್ಕಿದ್ರೆ ಒಳ್ಳೇದಾಗಾಕಿಲ್ಲ."

"ಪುನೀತ ಯಾಕೆ ಕೈಯಿಕ್ತಾನೆ?"

"ಇನ್ಯಾರು ಓಡ್ಸಾರು? ನಿಮ್ಮಪ್ಪನ್ನ ಕೇಳಿವ್ನಿ, ಹೂಂ ಅಂದವ್ನೆ. ಹುಡ್ಗ ಕನಕಪುರದ ಕಾಲೇಜಿಗೆ ಬಸ್ಸಲ್ಲಿ ನೇತಾಡ್ಕಂಡು ಹೋಯ್ತಾನೆ. ಈ ಬೆಳೆ ಗೂಡು ಕಟ್ಟಿದ್ರೆ ಆಯ್ತು, ಆಮೇಲೆ ಈ ಮನೇಲಿ ರೇಷ್ಮೆ ಹುಳ ಮೇಯ್ಸೋರು ಯಾರವ್ರೆ? ನೀನೂ ಮಾಗಡಿಗೋಗಿ ಗಂಡನ ಮನೆ ಸೇರ್ಕೊ. ಅವ್ವ ಇದ್ಲು, ನಡೀತು."

ರಮ್ಯಾ ಬೈಕನ್ನು ನೋಡಿದಳು. ಟ್ಯಾಂಕಿನಲ್ಲಿ ಅವ್ವ ಹಾಕಿಸಿದ ಪೆಟ್ರೋಲಿತ್ತು. ಸೀಟು ಅವ್ವ ಕೂತು ಕೂತು ತಗ್ಗಾಗಿತ್ತು. ಅವಕ್ಕೆಲ್ಲ ಸೂತಕ ತಟ್ಟಿರಲಿಲ್ಲ. ಸೂತಕಕ್ಕೂ ಬುದ್ಧಿಯಿತ್ತು, ಬಿಸಾಕಬಹುದಾದಷ್ಟಕ್ಕೆ ಮಾತ್ರ ಅಂಟಿಕೊಂಡಿತ್ತು. ನಿನ್ನೆ ಹಿಪ್ಪುನೇರಳೆ ತೋಟದ ಬದುವಿನ ಮೇಲೆ ಎದೆ ಹಿಡಿದು ಕೂತ ಅವ್ವ ಏಳಲೇ ಇಲ್ಲ. ಸುದ್ದಿ ತಿಳಿದು ಮೊದಲು ಓಡಿದವನು ಇದೇ ಚಿಕ್ಕಪ್ಪ. ಹೆಣಕ್ಕಿಂತ ಮುಂಚೆ ಬೈಕು ಮನೆ ಸೇರಿತ್ತು.

ಆ ಕಡೆ ಹೆಂಗಸರು ಹೆಣಕ್ಕೆ ಹಸಿರು ಬಳೆ ತೊಡಿಸುತ್ತಿದ್ದರು. ವರ್ಷಗಟ್ಟಲೆ ಕ್ಲಚ್ಚು ಬ್ರೇಕು ಒತ್ತಿ ದಪ್ಪಗಾದ ಗೆಣ್ಣುಗಳನ್ನು ಗಾಜಿನ ಬಳೆ ದಾಟುತ್ತಿರಲಿಲ್ಲ. ಎರಡು ಆಗಲೇ ಒಡೆದಿದ್ದವು.

"ಒಸಿ ಸೋಪು ತತ್ತಾ ರಮ್ಯಾ," ಎಂದಳು ಮಹೇಂದ್ರನ ಹೆಂಡತಿ ಅಂಬುಜಮ್ಮ. "ಗಂಡಸ್ರ ಕೈ ಆಗೋಗೈತೆ ನಿಮ್ಮವ್ವಂದು."

"ಬಳೆ ಇಲ್ದಿದ್ರೆ ಏನಾಯ್ತದೆ ಚಿಕ್ಕವ್ವ?"

"ಏನ್ ಮಾತು ಅಂತ ಆಡ್ತೀಯೆ? ಮುತ್ತೈದೆ ಸಾವು. ಎಲ್ಲಾರ್ಗೂ ಸಿಕ್ಕುತ್ತಾ? ಪುಣ್ಯವಂತೆ."

ಆ ಪುಣ್ಯಕ್ಕೆ ಕಾರಣನಾದ ಮುನಿಯಪ್ಪ, ರಮ್ಯಾಳ ಅಪ್ಪ, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಟೀ ಊದಿಕೊಳ್ಳುತ್ತಿದ್ದ. ಹೆಂಡತಿಗಿಂತ ಒಂದು ದಿನ ಹೆಚ್ಚು ಉಸಿರಾಡಿದ್ದು ಅವನು ಅವಳಿಗೆ ಮಾಡಿದ ಒಂದೇ ಉಪಕಾರ. ಅದಕ್ಕೇ ಊರು ಅವನ ಭುಜ ತಟ್ಟುತ್ತಿತ್ತು.

"ನಿಂಗೆ ಬಲಗೈ ಮುರ್ದಂಗಾಯ್ತು ಕಣ್ಲಾ," ಎಂದ ಒಬ್ಬ ಮುದುಕ.

ಬಲಗೈ ಮಾತ್ರವಲ್ಲ ಎಂದುಕೊಂಡಳು ರಮ್ಯಾ. ಎಡಗೈಯೂ ಅವ್ವನೇ. ಅಪ್ಪನಿಗೆ ಸ್ವಂತದ್ದೆಂದು ಇದ್ದದ್ದು ಬಾಯಿ.

*

ಬೈಕು ತಂದದ್ದು ಅಪ್ಪನೇ. ತಂದ ವಾರವೇ ಮರಳವಾಡಿಯ ತಿರುವಿನಲ್ಲಿ ಬಿದ್ದು ಮಂಡಿ ತರಚಿಕೊಂಡ. "ಅದ್ರ ಗ್ರಹಚಾರ ನೆಟ್ಗಿಲ್ಲ," ಎಂದು ಗೋಡೆಗೆ ಒರಗಿಸಿದ. ಅದರ ಸೀಟಿನ ಮೇಲೆ ಕೋಳಿಗಳು ಮೊಟ್ಟೆ ಇಡತೊಡಗಿದವು. ಒಂದು ಬೆಳಿಗ್ಗೆ ಅವ್ವ ಕೋಳಿ ಓಡಿಸಿ, ಸೀರೆಯನ್ನು ಕಚ್ಚೆ ಕಟ್ಟಿ, ಕುಯ್ದ ರಾಗಿ ಹೊಲದಲ್ಲಿ ಬಿದ್ದೆದ್ದು ಕಲಿತಳು. ಗಂಡುಬೀರಿ ಎಂದಿತು ಅರಳಿಕಟ್ಟೆ. ಹಾಗೆ ಅಂದವರೇ ಆಮೇಲೆ, "ಅಕ್ಕ, ರಾಮನಗರದ ಮಾರ್ಕೆಟ್ಟಿಗೆ ನಮ್ದೂ ಒಂದ್ ಮೂಟೆ ಗೂಡು ಹಾಕ್ಕೊಂಡೋಗು," ಎಂದು ಬಾಗಿಲಿಗೆ ಬಂದರು. ಅವ್ವ ಒಯ್ಯುತ್ತಿದ್ದಳು. ಒಯ್ಯುವಾಗ ಅವರ ಮುಖ ನೋಡುತ್ತಿರಲಿಲ್ಲ.

ರಮ್ಯಾ ಮಾಗಡಿಯಿಂದ ಕೆನ್ನೆ ಊದಿಸಿಕೊಂಡು ಬಸ್ಸಿಳಿದ ದಿನ ಅವ್ವ ಕಾರಣ ಕೇಳಲಿಲ್ಲ. ಮುದ್ದೆ ಇಕ್ಕಿದಳು. ಉಂಡ ಮೇಲೆ ಬೈಕಿನ ಮೇಲೆ ಕೂರಿಸಿ, ಹಿಂದೆ ತಾನು ಕೂತು, ಗ್ರಿಪ್ಪಿನ ಮೇಲಿದ್ದ ಮಗಳ ಕೈಗಳ ಮೇಲೆ ತನ್ನ ಕೈ ಇಟ್ಟಳು.

"ಅಷ್ಟ್ ಬಿಗಿಯಾಗಿ ಹಿಡೀಬ್ಯಾಡ್ವೆ. ಅದೇನು ನಿನ್ ಗಂಡನ ಜುಟ್ಟಾ?"

ಅವತ್ತು ರಮ್ಯಾ ನಕ್ಕಳು. ನಗುವಾಗ ಕೆನ್ನೆ ನೋಯಿತು.

ಗ್ರಿಪ್ಪು ಸವೆದಾಗಲೆಲ್ಲ ಹಾರೋಹಳ್ಳಿಯ ಸಾಬೀರನ ಅಂಗಡಿಯಿಂದ ಹೊಸದು ತಂದು ಅವ್ವ ತಾನೇ ಹಾಕುತ್ತಿದ್ದಳು. ಬಲದ್ದರ ತೂತು ಒಂದು ನೂಲು ದೊಡ್ಡದು, ಎಡದ್ದು ಚಿಕ್ಕದು. ಒಳಗೆ ಒಂದಿಷ್ಟು ಪೆಟ್ರೋಲ್ ಸವರಿದರೆ ಸರಕ್ಕನೆ ಕೂರುತ್ತದೆ, ಆರಿದ ಮೇಲೆ ಕಚ್ಚಿಕೊಳ್ಳುತ್ತದೆ. ರಮ್ಯಾ ಪಕ್ಕದಲ್ಲಿ ನಿಂತು ಹ್ಯಾಂಡಲ್ಲು ಹಿಡಿದುಕೊಳ್ಳುತ್ತಿದ್ದಳು.

*

"ಲೇ ಅಂಬುಜ, ಒಸಿ ಕೊಬ್ರಿ ಎಣ್ಣೆ ತತ್ತಾರೆ. ಈ ನನ್ಮಗಂದು ಒಳೀಕೆ ಹೋಗಾಕಿಲ್ಲ ಅಂತೈತೆ," ಎಂದ ಮಹೇಂದ್ರ.

ಎಡದ ಹೊಸ ಗ್ರಿಪ್ಪನ್ನು ಬಲಕ್ಕೆ ತುರುಕುತ್ತಾ ಅವನು ಬೆವರುತ್ತಿದ್ದ. ರಮ್ಯಾ ಕಂಬಕ್ಕೆ ಒರಗಿ ನೋಡಿದಳು, ಹೇಳಲಿಲ್ಲ. ಬೆಳಗಿನಿಂದ ಅವಳಿಗೆ ಸಿಕ್ಕ ಸಮಾಧಾನ ಅದೊಂದೇ.

"ಹೊತ್ತಾಯ್ತದೆ, ಎತ್ರಪ್ಪೋ," ಎಂದು ಯಾರೋ ಕೂಗಿದರು. ಮಹೇಂದ್ರ ಎರಡೂ ಗ್ರಿಪ್ಪನ್ನು ಜೇಬಿಗೆ ತುರುಕಿ ಹೋಗಿ ಚಟ್ಟಕ್ಕೆ ಹೆಗಲು ಕೊಟ್ಟ. ಹೊರುವಾಗ ಅವನೇ ಎಲ್ಲರಿಗಿಂತ ಜೋರಾಗಿ ಅತ್ತ. "ತಾಯಿ ಇದ್ದಂಗಿದ್ದೆಯಲ್ಲಾ ಅತ್ಗೆ," ಎಂದ. ಆ ತಾಯಿಗೆ ಅವನು ಎಂಟು ವರ್ಷ ಬಾವಿ ನೀರಿನ ಪಾಲು ಬಿಟ್ಟುಕೊಟ್ಟಿರಲಿಲ್ಲ.

ಹೆಂಗಸರು ಉಳಿದರು. ಅಂಗಳಕ್ಕೆ ನೀರು ಬಿತ್ತು, ಹೆಣ ಇಟ್ಟಿದ್ದಲ್ಲಿ ದೀಪ ಹಚ್ಚಿದರು. ಆಗ ರಮ್ಯಾಗೆ ಹುಳದ ಮನೆಯ ಮೌನ ಕೇಳಿಸಿತು. ನಾಲ್ಕನೇ ಜ್ವರಕ್ಕೆ ಪೊರೆ ಕಳಚಿ ಎದ್ದ ಹುಳ ಸೊಪ್ಪು ಮೇಯುವಾಗ ತುಂತುರು ಮಳೆಯ ಸದ್ದು ಬರಬೇಕು. ಬಾಗಿಲು ತೆರೆದಳು. ತಟ್ಟೆಗಳಲ್ಲಿ ಬರೀ ಕಡ್ಡಿ. ಹುಳಗಳು ತಲೆ ಎತ್ತಿ ಗಾಳಿಯಲ್ಲಿ ಹುಡುಕುತ್ತಿದ್ದವು.

"ಸೂತಕದಲ್ಲಿ ಹುಳದ ಮನೆಗೆ ಹೋಗ್ಬಾರ್ದು ಕಣೆ," ಎಂದಳು ಅಂಬುಜಮ್ಮ. "ಇವತ್ತೊಂದಿನ ಉಪಾಸ ಇರ್ಲಿ ಬುಡು. ಹೆಂಗೂ ಇದೇ ಕೊನೇ ಬೆಳೆ."

"ಯಾರ್ ಹೇಳಿದ್ದು ಕೊನೇದು ಅಂತ?"

"ಎಲ್ಲಾರೂ ಹೇಳ್ತಾವ್ರೆ."

"ಎಲ್ಲಾರೂ ಬಂದು ಸೊಪ್ಪು ಕುಯ್ತಾರಾ?"

ಅಂಬುಜಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ರಮ್ಯಾ ಬೈಕನ್ನು ಸ್ಟ್ಯಾಂಡಿನಿಂದ ಇಳಿಸಿದಳು. ಎಡಗೈಗೆ ಬರೀ ಕಬ್ಬಿಣ, ಬಲಗೈಗೆ ಆಕ್ಸಿಲರೇಟರಿನ ನುಣ್ಣನೆ ಪ್ಲಾಸ್ಟಿಕ್ ಕೊಳವೆ. ಕಿಕ್ ಹೊಡೆದಾಗ ನಡುಕ ನೇರ ಮೊಣಕೈವರೆಗೂ ಏರಿತು. ಗಟ್ಟಿಯಾಗಿ ಹಿಡಿಯದೆ ಬೇರೆ ದಾರಿ ಇರಲಿಲ್ಲ. ತೋಟದಲ್ಲಿ ಕತ್ತಲಾಗುವ ಮುಂಚೆ ಒಂದು ಹೊರೆ ಕೊಯ್ದು ಸೀಟಿನ ಹಿಂದೆ ಬಿಗಿದಳು.

ಕೆರೆ ಏರಿಯ ಮೇಲೆ ಗಂಡಸರು ಎದುರಾದರು. ಮಣ್ಣು ಮಾಡಿ, ಮುಳುಗು ಹಾಕಿ, ಒದ್ದೆ ಪಂಚೆಯಲ್ಲಿ ದೀಪ ನೋಡಲು ಮನೆಯತ್ತ ಸಾಲಾಗಿ ಬರುತ್ತಿದ್ದರು. ದಾರಿ ಕಿರಿದು. ರಮ್ಯಾ ವೇಗ ತಗ್ಗಿಸಲಿಲ್ಲ, ಹಾರನ್ನಿನ ಮೇಲಿಟ್ಟ ಬೆರಳನ್ನೂ ತೆಗೆಯಲಿಲ್ಲ.

"ಏ, ಏ, ಯಾರ್ನ ಕೇಳಿ ತಗಂಡೆ?" ಎಂದ ಮಹೇಂದ್ರ. ಎನ್ನುತ್ತಲೇ ಏರಿಯ ಪಕ್ಕದ ಜೊಂಡಿಗೆ ಇಳಿದ. ಅವನ ಹಿಂದಿನವರೂ ಒಬ್ಬೊಬ್ಬರಾಗಿ, ಪಂಚೆ ಎತ್ತಿಕೊಂಡು, ಕೆಸರಿಗೆ ಇಳಿದರು.

ಎಲ್ಲರ ಹಿಂದೆ ಅಪ್ಪ. ಅವನು ಇಳಿಯಲಿಲ್ಲ. ಇಷ್ಟು ವರ್ಷ ಸಂಜೆ ಹೊತ್ತು ಹೆಂಡತಿಯ ಬೈಕಿನ ಸದ್ದಿಗೆ ನಿಲ್ಲುತ್ತಿದ್ದ ಹಾಗೆಯೇ ದಾರಿಯ ಅಂಚಿನಲ್ಲಿ ನಿಂತು, ಹತ್ತಿಸಿಕೊಂಡು ಹೋಗಲೆಂದು ಒದ್ದೆ ಕೈಯನ್ನು ಮುಂದಕ್ಕೆ ಚಾಚಿದ. ಸೊಪ್ಪಿನ ಹೊರೆ ಆ ಕೈಯನ್ನು ಸವರಿಕೊಂಡು ಮುಂದೆ ಹೋಯಿತು.