ಫ್ಲಾಸ್ಕಿನಲ್ಲಿ ಒಯ್ದ ಸಿಹಿ ಚಹಾ

ಅಮೆರಿಕದ ಮಿಸಿಸಿಪ್ಪಿ ಡೆಲ್ಟಾದ ನಮ್ಮ ಊರಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ಚರ್ಚಿನ ಹೆಂಗಸರು ಸುಮ್ಮನೆ ಕೂರುವವರಲ್ಲ. ಗೆಣಸಿನ ಪೈ, ಐಸು ಹಾಕಿದ ಸಕ್ಕರೆ ಚಹಾ ಹೊತ್ತು ಹೊರಟುಬಿಡುತ್ತೇವೆ. ನಮ್ಮ ಗುಂಪಿಗೆ ಮುಂದಾಳು ನಾನೇ, ವರ್ಡೆಲ್. ನನ್ನ ಯಜಮಾನರು ಓಥಾ ಅವರಿಗೆ ಹೃದಯದ ಬೈಪಾಸ್ ಆಪರೇಷನ್ ಆದಾಗ ಆಸ್ಪತ್ರೆಗೆ ಬರಿಗೈಲಿ ಹೋಗಲು ಮನಸ್ಸು ಬರುತ್ತದೆಯೇ?

ಐಸಿಯುನಲ್ಲಿ ನರ್ಸ್ ಲಟೋನ್ಯಾ ಶುಗರ್ ನೋಡಲು ಗಂಟೆಗೊಮ್ಮೆ ಅವರ ಬೆರಳು ಚುಚ್ಚುತ್ತಿದ್ದಳು. ನಮ್ಮ ಚರ್ಚಿನ ಹುಡುಗಿಯೇ. ನನಗೆ ರೇಗಿತು.

“ಅಲ್ಲ ಕಣೇ, ನಮ್ಮೆಜಮಾನ್ರಿಗೆ ಶುಗರ್ರೇ ಇಲ್ಲ. ಅವರ ಕೈನ ಜರಡಿ ಮಾಡ್ತೀಯೇನೇ?”

“ಇಲ್ಲದವರಿಗೂ ಏರತ್ತಮ್ಮ. ಎದೆ ಕೊಯ್ದಾಗ ಮೈ ಗಾಬರಿಬಿದ್ದು ರಕ್ತಕ್ಕೆ ಸಕ್ಕರೆ ಬಿಡತ್ತೆ. ಆಪರೇಷನ್ ನಡೀವಾಗ್ಲೂ ನೋಡ್ತಾನೇ ಇದ್ರು. ನೂರೆಂಬತ್ತು ದಾಟ್ತಾ ಹೋದ್ರೆ ಗಾಯ ಬೇಗ ಕೂಡಲ್ಲ, ಕೀವಾಗತ್ತೆ. ಅದಕ್ಕೇ ಈ ಇನ್ಸುಲಿನ್.”

“ಅದನ್ನ ಒಂದ್ಸಲ ಹಿಡಿದ್ರೆ ಸಾಯೋತನಕ ಬಿಡಲ್ಲವಂತೆ!”

“ಯಾರಮ್ಮ ಹೇಳಿದ್ದು? ಶುಗರ್ ಇಲ್ಲದ ಎಷ್ಟೋ ಜನಕ್ಕೆ ಮನೆಗೆ ಹೋಗೋಷ್ಟರಲ್ಲೇ ನಿಲ್ಲಿಸ್ತಾರೆ.”

ನಾನು ಮೂಗು ಮುರಿದೆ. ಮೂರನೇ ದಿನ ವಾರ್ಡಿಗೆ ಬಂದ ಓಥಾ, “ಈ ಸಪ್ಪೆ ಸೂಪು ಕುಡಿದು ನಾಲಗೆ ಸತ್ತೋಯ್ತು ಕಣೇ” ಎಂದು ಗೋಗರೆದರು. ಫ್ಲಾಸ್ಕಿನಿಂದ ಎರಡು ಲೋಟ ಸಕ್ಕರೆ ಚಹಾ ಬಗ್ಗಿಸಿಕೊಟ್ಟೆ. ದಿನಾ ಇದೇ ಆಯಿತು. ಶುಗರ್ ಇನ್ನೂರೆಂಬತ್ತು, ಮುನ್ನೂರು. ಡಾಕ್ಟರು ಇನ್ಸುಲಿನ್ ಏರಿಸುತ್ತಲೇ ಹೋದರು.

“ಅಮ್ಮ, ಹೊರಗಿನದೇನಾದ್ರೂ ಕೊಟ್ರಾ? ಬಯ್ಯಲ್ಲ, ಹೇಳಿ,” ಎಂದಳು ವಾರ್ಡಿಗೂ ಬಂದು ನೋಡುತ್ತಿದ್ದ ಲಟೋನ್ಯಾ.

“ದೇವರಾಣೆ ಇಲ್ಲ ಕಣಮ್ಮ.”

ತೊಡೆಯ ಮೇಲೆ ಬೈಬಲ್ ಇಟ್ಟುಕೊಂಡೇ ಹೇಳಿದೆ.

ಮನೆಗೆ ಕಳಿಸುವಾಗ ಶುಗರ್ ನೋಡುವ ಮಿಷನ್ ಕೊಟ್ಟರು. ನಾನು ಅದರ ಡಬ್ಬಿ ಬಿಚ್ಚಲೂ ಇಲ್ಲ. ಒಂದು ವಾರವಾಗಿರಬೇಕು, ಓಥಾರಿಗೆ ಜ್ವರ. ಹೊಲಿಗೆಯಿಂದ ಕೀವು ಬಂದು ಅಂಗಿ ಒದ್ದೆಯಾಗಿತ್ತು. ಮತ್ತೆ ಆಸ್ಪತ್ರೆಗೆ ಸೇರಿಸಿದಾಗ ಸೋಂಕು ಎದೆ ಮೂಳೆಗೇ ಇಳಿದಿದೆ ಎಂದರು. ಮೂರು ಸಲ ಮತ್ತೆ ಎದೆ ತೆರೆದರು. ಅಯ್ಯೋ, ಆ ನರಳಾಟ ಯಾವ ಶತ್ರುವಿಗೂ ಬೇಡ.

ಮೊದಲ ಸಲ ತೆರೆದ ದಿನ ಲಟೋನ್ಯಾಳ ಕೈ ಹಿಡಿದು ನಿಜ ಹೇಳಿದೆ. ಅವಳ ಕಣ್ಣು ತುಂಬಿತು.

“ಚಹಾ ಒಂದರಿಂದಲೇ ಹೀಗಾಯ್ತು ಅನ್ನೋಕಾಗಲ್ಲಮ್ಮ. ಆದ್ರೆ ಅವತ್ತೇ ಹೇಳಿದ್ರೆ ಹತೋಟಿಗೆ ತರಬಹುದಿತ್ತು.”

ಅವಳು ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. ಆ ಸೋಂಕಿನಿಂದಲೇ ಓಥಾ ತೀರಿಹೋಗಿ ಈಗ ಐದು ತಿಂಗಳು. ಮನೆಯಲ್ಲಿ ನನಗೆ ಯಾವ ಕೆಲಸವೂ ಬೇಡವಾಗಿದೆ.

ಅಕ್ಕತಂಗಿಯರೇ, ನಿಮ್ಮವರಿಗೆ ಹೃದಯದ ಆಪರೇಷನ್ ಇದ್ದರೆ, ಶುಗರ್ ಇಲ್ಲ ಎಂದುಕೊಂಡಿದ್ದರೂ ಮೊದಲೇ ಪರೀಕ್ಷೆ ಮಾಡಿಸಿ. ಡಾಕ್ಟರನ್ನು ಕೇಳದೆ ಏನನ್ನೂ ತಿನ್ನಿಸಬೇಡಿ, ಕುಡಿಸಬೇಡಿ. ಮನೆಗೆ ಬಂದ ಮೇಲೂ ಹೇಳಿದಷ್ಟು ದಿನ ಶುಗರ್ ನೋಡಿ. ತೀರಾ ಇಳಿದರೂ ಅಪಾಯವೇ; ನಡುಕ, ಬೆವರು ಕಂಡರೆ ತಡಮಾಡದೆ ಶುಗರ್ ನೋಡಿ ಡಾಕ್ಟರಿಗೆ ತಿಳಿಸಿ. ತಪ್ಪು ಮಾಡಿದ್ದರೆ ಆಗಲೇ ಒಪ್ಪಿಕೊಳ್ಳಿ. ನನ್ನ ಬಾಯಿಂದ ಆ ಒಂದು ಮಾತು ಹೊರಡಲು ಹನ್ನೆರಡು ದಿನ ಬೇಕಾಯಿತು. ಅಷ್ಟರಲ್ಲಿ ಅವರ ಎದೆ ಕೊಳೆತಿತ್ತು.