ಎರಡು ಕಂಬಳಿಯ ಅಂಚು

ಎದೆಯ ಬಲಗಡೆ ಬಾರಿಹಣ್ಣಿನ ಬೀಜದಷ್ಟು ಗಟ್ಟಿಯಾದದ್ದೊಂದು ನಿಂಬೆವ್ವನ ಬೆರಳಿಗೆ ಸಿಕ್ಕಿ ಮೂರು ತಿಂಗಳಾಗಿತ್ತು. ಅವಳ ಅವ್ವ ಇದರಿಂದಲೇ ಸತ್ತಿದ್ದಳು, ಅಕ್ಕ ಹಣಮವ್ವನೂ ಸತ್ತಿದ್ದಳು. ಇಬ್ಬರ ಹುಣ್ಣನ್ನೂ ತೊಳೆದ ಕೈ ಇವಳದೇ. ಆ ವಾಸನೆ ನೆನಪಾದರೆ ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಆದರೂ ಗಂಡ ಅಮೋಘಸಿದ್ದನಿಗೆ ಹೇಳಲಿಲ್ಲ. ಬಾಯಿಬಿಟ್ಟರೆ ನಿಜವಾಗಿಬಿಡುತ್ತದೆ ಎಂಬ ಹೆದರಿಕೆ.

ಅದು ಎರಡನೇ ಮಹಾಯುದ್ಧದ ಲಡಾಯಿಯ ವರ್ಷ, ದಂಡಿಗೆಂದು ಕಂಬಳಿ ಕೇಳುವವರು ಬಹಳ. ನಿಂಬರ್ಗಾ ಊರಲ್ಲಿ ಅವನು ನೇಯುತ್ತಿದ್ದ, ಇವಳು ಅಂಚು ಕಟ್ಟುತ್ತಿದ್ದಳು. ಮಗ್ಗದಿಂದ ಕೊಯ್ದ ಕಂಬಳಿಯ ತುದಿಯ ಎಳೆಗಳನ್ನು ಹೊಸೆದು ಕಟ್ಟದಿದ್ದರೆ ನೇಯ್ಗೆಯೆಲ್ಲ ಬಿಚ್ಚಿಕೊಳ್ಳುತ್ತದೆ. ಆ ದಿನ ಎರಡು ಕಂಬಳಿ ಅಂಚಿಗೆ ಅಂಚು ಹಾಸಿ ಕೂತಿದ್ದಳು. ಲಕ್ಷ್ಯ ಮಾತ್ರ ಎದೆಯ ಗಡ್ಡೆಯ ಮೇಲೆ. ಅಮೋಘಸಿದ್ದ ಬಂದು ಒಂದನ್ನು ಎತ್ತಿದ. ಇನ್ನೊಂದೂ ಎದ್ದು ಬಂತು. ಜೋರಾಗಿ ಜಗ್ಗಿದ. ಪರ್ರೆಂದು ಒಂದು ಗೇಣು ನೇಯ್ಗೆ ಹರಿದುಹೋಯಿತು.

“ಏನ ಬೇ, ಕಂಬಳಿಗೋಳ ಲಗ್ನ ಮಾಡೀದೇನು? ಇದರ ತುದಿ ಅದಕ್ಕ ಕಟ್ಟೀದಿ!” ಎಂದು ನಕ್ಕ.

ನಿಂಬೆವ್ವ ಅವನ ಕೈ ಹಿಡಿದು ಎದೆಗೆ ಒತ್ತಿಕೊಂಡಳು. ಅವನ ನಗು ನಿಂತುಹೋಯಿತು.

ಮರುದಿನ ಆಳಂದದ ದವಾಖಾನೆಗೆ ಹೋದರು. ಡಾಕ್ಟರು ಕಾಶಿಬಾಯಿ ಗಡ್ಡೆ ಒತ್ತಿದರು, ಕಂಕುಳು ತಡವಿದರು, ತವರಿನವರ ವಿಚಾರ ಕೇಳಿದರು.

“ಒಂದ ಮನ್ಯಾಗ ಮೂರು ಮಂದಿಗೆ ಯಾಕ್ರಿ ಡಾಕ್ಟರಬಾಯಿ? ಮಾಟ ಏನ್ರಿ?” ಎಂದ ಅಮೋಘಸಿದ್ದ.

“ಮಾಟ ಅಲ್ಲಪ್ಪಾ. ಮೈಯಾಗ ಕಣ್ಣಿಗೆ ಕಾಣದಂಥ ಎಳಿ ಇರ್ತಾವ, ಹಡದವರಿಂದ ಬಂದಾವು. ಪರದೇಶದಾಗ ಮೆಕ್ಕಿಜ್ವಾಳದ ಗಿಡದಾಗ ನೋಡ್ಯಾರ, ತುದಿ ಮುರದ್ರ ಎರಡು ಎಳಿ ಒಂದಕ್ಕೊಂದು ಅಂಟ್ತಾವ. ಗಿಡ ಬೆಳಿಯೂಮುಂದ ಎರಡೂ ಕಡಿಗೆ ಜಗ್ಗಿದಾಗ ಮತ್ತೆಲ್ಲೋ ಹರೀತಾವ. ಮತ್ತ ಅಂಟ್ತಾವ, ಮತ್ತ ಹರೀತಾವ. ಈ ಬ್ಯಾನಿನೂ ಹಂಗ ಹುಟ್ಟತದೇನೋ. ಖಾತ್ರಿ ಯಾರಿಗೂ ಇಲ್ಲ.”

ನಿಂಬೆವ್ವನಿಗೆ ಮೈಯೊಳಗೆಲ್ಲ ಪರ್ರೆಂಬ ಸದ್ದು ಕೇಳಿದಂತಾಯಿತು.

“ಬ್ಯಾನಿ ಕಂಕುಳಕ್ಕ ಇನ್ನಾ ಹೋಗಿಲ್ಲ. ಸೊಲ್ಲಾಪುರಕ್ಕ ಹೋಗಿ ಕೊಯ್ಸಿದ್ರ ಉಳೀಬಹುದು. ನಿಮ್ಮವ್ವ ಎಷ್ಟು ದಿನ ಮುಚ್ಚಿಟ್ಟಿದ್ಲು?”

“ಎರಡು ವರ್ಷ್ರಿ.”

“ನೀ?”

“ಮೂರು ತಿಂಗಳ್ರಿ.” ಕೊಯ್ಯುವ ಚಾಕುವಿಗಿಂತ ದೊಡ್ಡದೊಂದು ಹೆದರಿಕೆ ಈಗ ಬಂದು ಕೂತಿತ್ತು: ಅಂದೋಲಾ ಊರಿಗೆ ಮದುವೆ ಮಾಡಿಕೊಟ್ಟ ಮಗಳು ರೇವಮ್ಮ.

“ರೈಲು ಹತ್ತೂಕಿಂತ ಮೊದ್ಲ ಅಂದೋಲಾಕ್ಕ ಯಾರನ್ನರ ಕಳಸ್ರಿ,” ಎಂದಳು ಗಂಡನಿಗೆ. “ರೇವಮ್ಮಗ ಮೈ ಮುಟ್ಟಿ ನೋಡ್ಕೋ ಅನ್ರಿ. ಏನರ ಸಿಕ್ರ ನನ್ನಂಗ ಸುಮ್ಮ ಕೂಡಬ್ಯಾಡ ಅನ್ರಿ.”