ಕಣ್ಣು ಮುಚ್ಚಿ ಹೂಂ ಅನ್ನಿ

ಏಸಿಯ ಗುಂಯ್ ಸದ್ದೋ ಇದು, ಜನ ಆಗಲೇ ಶುರುಮಾಡಿಬಿಟ್ಟರೋ — ಇಲ್ಲ, ಏಸಿಯೇ, ಸಭೆ ನಡೆಸುವ ಗಡ್ಡದ ಮಾಮ ಇನ್ನೂ ಮೈಕು ಬಿಟ್ಟಿಲ್ಲ, ಎಲ್ರೂ ಕಣ್ ಮುಚ್ಕೊಳಿ, ಒಪ್ಪಿಗೆ ಇದ್ರೆ ಬಾಯಿ ತೆರೀದೆ ಹೂಂ ಅನ್ನಿ, ಕೈ ಎತ್ತೋದು ಬೇಡ, ಅವರಿವರ ಮುಖ ನೋಡ್ಕೊಂಡು ಒಪ್ಪೋದೂ ಬೇಡ — ಇನ್ನೂರು ಪ್ರೋಗ್ರಾಮರುಗಳು ಕಣ್ಣು ಮುಚ್ಚಿದರು, ಅವಳೂ ಮುಚ್ಚಿದಳು, ಮುಚ್ಚಿದ ಕೂಡಲೇ ಕಂಡದ್ದು ಅಣ್ಣನ ಗಂಟಲಮಣಿ, ಮೂರು ವರ್ಷದಿಂದ ಅವಳೊಡನೆ ವಾದಕ್ಕೆ ನಿಂತಾಗಲೆಲ್ಲ ಮೇಲೆ ಕೆಳಗೆ ಹಾರುವ ಮಣಿ. ಈಗ ಪಕ್ಕದ ಕುರ್ಚಿಯಲ್ಲೇ ಇದ್ದಾನೆ, ಮೊಣಕೈ ತಾಗುತ್ತಿದೆ. ಇಬ್ಬರೂ ಸೇರಿ ಕಟ್ಟಿದ ಕ್ರಿಪ್ಟೋ ನಾಣ್ಯ, ಯಾರಿಂದ ಯಾರಿಗೆ ಹೋಯಿತೆಂಬ ಲೆಕ್ಕದ ಪುಸ್ತಕದ ಪ್ರತಿ ಮನೆಮನೆಯ ಕಂಪ್ಯೂಟರಿನಲ್ಲೂ, ಈಗ ಪುಟ ಸಾಲದೆ ನೂಕುನುಗ್ಗಲು — ಪುಟ ಹತ್ತು ಪಟ್ಟು ದೊಡ್ಡದು ಮಾಡೋಣ ಅಂದ ಅಣ್ಣ, ಪುಟ ಇದ್ದಷ್ಟೇ ಇರಲಿ, ಅಕ್ಷರ ಚಿಕ್ಕದು ಮಾಡೋಣ ಅಂದಳು ಇವಳು, ಅಷ್ಟು ದೊಡ್ಡ ಪುಟ ಹೊರೋಕೆ ಕಂಪನಿಗಳ ಯಂತ್ರಕ್ಕಷ್ಟೇ ಆಗೋದು, ಅಮ್ಮನ ಹೊಲಿಗೆ ಮೆಷೀನಿನ ಪಕ್ಕದ ಹಳೇ ಲ್ಯಾಪ್‌ಟಾಪ್ ಏನು ಮಾಡ್ಬೇಕು? ಆ ಡಬ್ಬಾಗೋಸ್ಕರ ಲೋಕ ಕಾಯ್ಬೇಕೇನೇ ಮೊಂಡಿ? ಕಾಯ್ಲಿ ಅಣ್ಣ, ಡಬ್ಬಾ ಇರೋರಿಗೇ ಅಲ್ವಾ ನಾವು ಇದನ್ನ ಕಟ್ಟಿದ್ದು. ಅವನೆತ್ತಿದ ಆಕ್ಷೇಪ ನಲವತ್ತೊಂದು, ಅವನು ತನ್ನವರನ್ನು ಕಟ್ಟಿಕೊಂಡು ಹೊರಟುಬಿಟ್ಟರೆ ನಾಣ್ಯ ಎರಡು ಹೋಳು, ಅಣ್ಣತಂಗಿಯೂ ಎರಡು ಹೋಳು. ನಲವತ್ತಕ್ಕೆ ಉತ್ತರ ಬರೆದಳು, ಕೊನೆಯದು — ಹಳೇ ಕಂಪ್ಯೂಟರು ನಿನ್ನ ಹೊಸ ಅಕ್ಷರ ನೋಡಿ ಕಕ್ಕಾಬಿಕ್ಕಿ ಆಗುತ್ತೆ — ಅದೊಂದೇ ಆರು ತಿಂಗಳು ತಿಂದಿತು, ಇವತ್ತು ಬೆಳಿಗ್ಗೆ ತಿಂಡಿಯ ಮೇಜಿನ ಮೇಲೆ ಅಮ್ಮನ ಡಬ್ಬಾವನ್ನೇ ಅವನ ಮುಂದೆ ತೆರೆದಿಟ್ಟಳು, ಓಡ್ಸಿ ನೋಡು. ಓಡಿಸಿದ. ಮತ್ತೆ ಓಡಿಸಿದ. ಬ್ರೆಡ್ಡಿನ ತುತ್ತು ಬಾಯಲ್ಲೇ ಇತ್ತು, ಮಣಿ ಒಮ್ಮೆ ಕೆಳಗಿಳಿಯಿತು, ಡಬ್ಬಾ ಮುಚ್ಚಿಟ್ಟು ಎದ್ದು ಹೋದ. ಮೊದ್ಲು ದೊಡ್ಡ ಪುಟ, ಅನ್ನುತ್ತಾರೆ ಗಡ್ಡದ ಮಾಮ, ಹಿಂದಿನ ಸಾಲಿನಿಂದ ತೆಳ್ಳಗೆ ಒಂದಿಷ್ಟು ಹೂಂ, ಪಕ್ಕದಿಂದ ಏನೂ ಇಲ್ಲ, ಏನೂ ಇಲ್ಲವೇ? ಚಿಕ್ಕವಳಿದ್ದಾಗ ಒಂದೇ ಮಂಚ, ಅಣ್ಣನ ಕಥೆ, ಹೂಂ ಅನ್ನೇ, ಇಲ್ದಿದ್ರೆ ನಿಲ್ಲಿಸ್ಬಿಡ್ತೀನಿ, ಅವಳು ಹೂಂ ಹೂಂ ಅನ್ನುತ್ತ ಅವನಿಗೆ ಹೊಸದಾಗಿ ಮೂಡಿದ ಗಂಟಲಮಣಿಗೆ ಬೆರಳಿಟ್ಟು ಕಚಗುಳಿಯಿಡುವಳು, ಹುಟ್ಟಿದಾಗಿನಿಂದ ಹೂಂಗುಟ್ಟಿದವಳು ಅವಳೇ, ಅವನು ಒಮ್ಮೆಯೂ ಅಲ್ಲ. ಈಗ ಚಿಕ್ಕ ಅಕ್ಷರ — ನೆಲ ಗುಂಯ್ಗುಟ್ಟಿತು, ಕುರ್ಚಿ, ಎದೆಗೂಡು, ಅಷ್ಟೊಂದು ಜನ ಬಾಯಿ ಮುಚ್ಚಿಕೊಂಡೇ ಗೆಲ್ಲಿಸುತ್ತಿದ್ದಾರೆ, ಗೆದ್ದೆ, ಅಮ್ಮಾ ನಿನ್ನ ಡಬ್ಬಾ ಗೆದ್ದಿತು, ಕುಣಿಯಬೇಕು ಅನ್ನಿಸುತ್ತಿದೆ, ಎಡಗಿವಿಯ ಹತ್ತಿರವೇ ಒಂದು ದಪ್ಪ ಸ್ವರ, ಕಣ್ಣು ತೆರೆಯಬಾರದು, ಮೋಸ, ಕಣ್ಣಾಮುಚ್ಚಾಲೆಯಲ್ಲೂ ಅವಳು ಮೋಸಗಾತಿಯೇ, ಒಂದೇ ರೆಪ್ಪೆ, ಒಂದೇ ಚೂರು — ಅಣ್ಣ ಕಣ್ಣು ಬಿಗಿಯಾಗಿ ಮುಚ್ಚಿದ್ದಾನೆ, ತುಟಿ ಮುಚ್ಚಿದೆ, ಮಣಿ ನಡುಗುತ್ತಿದೆ, ಗಂಟಲಮಣಿ, ಅಣ್ಣನ ಗಂಟಲಮಣಿ